ಹದ ಬಂದದೆ

ಮಾಗಿಯ ಚಳಿ ಹಿಡಿದಿತ್ತು. ಆಲೆಮನೆಯಲ್ಲಿ ಬೆಳಗಿನಿಂದ ಕಬ್ಬು ಅರೆಯುತ್ತಿದ್ದರು. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿದು ಕೆಂಪೇರಿತ್ತು. ಪಾಕ ನೋಡುವ ಚಿಕ್ಕಬೋರಯ್ಯ ಒಂದು ಹನಿಯನ್ನು ತಣ್ಣೀರಿಗೆ ಬಿಟ್ಟು, ಬೆರಳಲ್ಲಿ ಉಂಡೆ ಕಟ್ಟಿ ನೋಡಿದ.

"ಐ ಥಿಂಕ್, ಹದ ಬಂದದೆ."

ಕೊಪ್ಪರಿಗೆ ಇಳಿಸಬೇಕಾದವರು ಕದಲಲಿಲ್ಲ. ಊರಲ್ಲಿ ಎಲ್ಲರ ಕೊರಳಿಗೂ ಸರ್ಕಾರ ಒಂದೊಂದು ಡಬ್ಬಿ ಕಟ್ಟಿತ್ತು. ಐ ಥಿಂಕ್‌ನಂಥ ಇಂಗ್ಲಿಷ್ ಮಾತು ಮುಂದಿಡದೆ ಅನಿಸಿಕೆ ಹೇಳಿದವರ ದನಿಯನ್ನು ಅದು ಮೂರು ದಿನ ಕಟ್ಟಿಹಾಕುತ್ತಿತ್ತು. ಮೂವತ್ತು ವರ್ಷದ ಕೈಹದವೂ ಅದಕ್ಕೆ ಅನಿಸಿಕೆಯೇ. ಊರವರು ಕೆಮ್ಮಿದಷ್ಟು ಸಲೀಸಾಗಿ ಐ ಥಿಂಕ್ ಅನ್ನುತ್ತಿದ್ದರು. ಕೇಳುವವರು ನಂಬುವುದನ್ನು ಬಿಟ್ಟಿದ್ದರು.

"ಥಿಂಕೋ, ಬಂದದೋ? ಸರಿಯಾಗಿ ಹೇಳು ಮಾವ," ಎಂದ ಒಲೆ ಉರಿಸುವ ಸಿದ್ದೇಗೌಡ.

"ಇನ್ ಮೈ ಒಪೀನಿಯನ್, ನೀನು ಕತ್ತೆ. ಐ ಥಿಂಕ್, ಇನ್ನೊಸಿ ಬಿಟ್ರೆ ಸೀದೋಯ್ತದೆ."

"ಅದೂ ಥಿಂಕೇ ಅಲ್ವಾ?"

ಪಾಕ ಅಂಚಿನಲ್ಲಿ ಹೊಗೆಯಾಡತೊಡಗಿತು. ಚಿಕ್ಕಬೋರಯ್ಯ ಟವಲು ಕೊಡವಿ ಎದ್ದ.

"ಹದ ಬಂದದೆ. ಇಳಿಸ್ರೋ."

ಡಬ್ಬಿ ಕುಂಯ್ ಎಂದಿತು. ಅವನ ದನಿ ನಿಂತಿತು. ನಾಲ್ವರು ಓಡಿಬಂದು ಕೊಪ್ಪರಿಗೆ ಎತ್ತಿದರು. ತೊಟ್ಟಿಗೆ ಸುರಿದ ಪಾಕ ಹೊಂಬಣ್ಣದ ಬೆಲ್ಲವಾಯಿತು.

ಬುತ್ತಿ ತಂದಿದ್ದ ಹೆಂಡತಿ ಸಣ್ಣಮ್ಮ ಗಂಡನ ಬಾಯಿಗೆ ಬಿಸಿಬೆಲ್ಲದ ಚೂರಿಟ್ಟಳು. "ಮೂರು ದಿನ ಮನೇಲಿ ನೆಮ್ಮದಿ," ಎಂದಳು.

ಅವಳ ಡಬ್ಬಿ ಅದನ್ನು ಅನಿಸಿಕೆ ಎಂದು ಎಣಿಸಲಿಲ್ಲ.