ಗಂಟಲೊಳಗಿನ ವಾಲ್ವು

ಬೆಳಗಿನ ಕಾಫಿಯ ಮೊದಲ ಗುಟುಕಿಗೇ ಗಂಗಯ್ಯನಿಗೆ ಕೆಮ್ಮು ಒತ್ತರಿಸಿಕೊಂಡು ಬಂತು. ಹೊಟ್ಟೆಗೆ ಹೋಗಬೇಕಾದ ಕಾಫಿ ಕತ್ತಿನ ಬುಡದ ತೂತಿನಿಂದ ಹನಿಹನಿಯಾಗಿ ಹೊರಬಂದು ಅಂಗಿಯ ಮೇಲೆ ಇಳಿಯಿತು. ಹೊನ್ನಕ್ಕ ಸೆರಗಿನಿಂದ ಒರೆಸಿ, ಬೆನ್ನು ನೀವಿ, ಗಂಡನನ್ನು ಕೊಣನೂರಿಗೆ ಕರೆತಂದು ಅವನೊಡನೆ ಹಾಸನದ ಬಸ್ಸು ಹತ್ತಿದಳು.

ಗಾರೆ ಮೇಸ್ತ್ರಿ ಗಂಗಯ್ಯನ ಧ್ವನಿಪೆಟ್ಟಿಗೆಯನ್ನು ಕ್ಯಾನ್ಸರಿನ ದೆಸೆಯಿಂದ ತೆಗೆದು ಎರಡು ವರ್ಷವಾಗುತ್ತ ಬಂದಿತ್ತು. ಉಸಿರಾಡಲು ಕತ್ತಿನಲ್ಲೊಂದು ತೂತು. ಮಾತಾಡಲು ಅದರೊಳಗೆ, ಶ್ವಾಸನಾಳಕ್ಕೂ ಅನ್ನನಾಳಕ್ಕೂ ನಡುವೆ, ಅಂಗಿ ಗುಂಡಿಯಷ್ಟು ದೊಡ್ಡ ಸಿಲಿಕಾನ್ ವಾಲ್ವು. ಹೆಬ್ಬೆರಳಿನಿಂದ ತೂತು ಮುಚ್ಚಿ ಉಸಿರು ಬಿಟ್ಟರೆ ಮಾತು ಬರುತ್ತಿತ್ತು. ಒರಟು ಮಾತು, ಏರಿಲ್ಲ, ಇಳಿವಿಲ್ಲ.

ಹಾಸನದ ಆಸ್ಪತ್ರೆಯಲ್ಲಿ ಡಾಕ್ಟರ್ ಧನ್ಯಾ ಆ ವಾಲ್ವನ್ನು ಹೊರತೆಗೆದು ತಟ್ಟೆಯಲ್ಲಿಟ್ಟು ತೋರಿಸಿದರು. ಅದರ ಮೇಲೆಲ್ಲ ಹಳದಿ ಬಣ್ಣದ ಲೋಳೆ ಗಟ್ಟಿಯಾಗಿ ಅಂಟಿತ್ತು. ನೀರಿನ ತೊಟ್ಟಿಯ ಗೋಡೆಗೆ ಜಾರುವ ಪೊರೆ ಕಟ್ಟುತ್ತದಲ್ಲ, ಇದೂ ಹಾಗೆಯೇ ಎಂದರು. ಬ್ಯಾಕ್ಟೀರಿಯಾ, ಬೂಷ್ಟು ಎಲ್ಲ ಒಟ್ಟುಗೂಡಿ, ತಮ್ಮದೇ ಲೋಳೆಯ ಮರೆಯಲ್ಲಿ ಸಂಸಾರ ಹೂಡುತ್ತವಂತೆ. ಬಯೋಫಿಲ್ಮ್ ಎನ್ನುತ್ತಾರಂತೆ ಅದಕ್ಕೆ. ಔಷಧಿಗೂ ಸುಲಭಕ್ಕೆ ಜಗ್ಗುವುದಿಲ್ಲ. ಅದರಿಂದಲೇ ವಾಲ್ವಿನ ಮುಚ್ಚಳ ಸರಿಯಾಗಿ ಕೂರದೆ ಕಾಫಿ ಸೋರಿತ್ತು. ಸುತ್ತಲಿನ ಮಾಂಸವೂ ಊದಿಕೊಂಡಿದ್ದರಿಂದ, ಊತ ಇಳಿಯುವ ತನಕ ಹೊಸದು ಹಾಕುವಂತಿರಲಿಲ್ಲ. ದಾರಿ ಮುಚ್ಚಿಹೋಗದಂತೆ ಒಂದು ರಬ್ಬರ್ ನಳಿಗೆ ಇಟ್ಟು, ಕೆಲವು ವಾರ ಬಿಟ್ಟು ಬರಲು ಹೇಳಿ ಕಳಿಸಿದರು. ಅಲ್ಲಿಯವರೆಗೆ ಮಾತಿಲ್ಲ.

ಹೊನ್ನಕ್ಕ ಗಂಡನನ್ನು ಕಣ್ಣಿನಿಂದ ನೋಡುವ ಮೊದಲು ಕಿವಿಯಿಂದ ಕೇಳಿದವಳು. ಗಾರೆ ಹೊರುವ ಹುಡುಗಿಯಾಗಿದ್ದಾಗ, ಗೋಡೆ ಕಟ್ಟಲು ನಿಲ್ಲಿಸಿದ ಸಾರುವೆಯ ಮೇಲಿನಿಂದ ಬರುತ್ತಿದ್ದ ಅವನ ಕೂಗು ಎರಡು ಬೀದಿ ದಾಟುತ್ತಿತ್ತು. ಅಂಥ ದನಿ ಹೋಗಿ ಈ ಕರಕರ ಬಂದಾಗ ಅವಳಿಗೆ ತಡೆಯಲಾಗಲಿಲ್ಲ. ಅವನು ಮಾತಾಡುವಾಗಲೆಲ್ಲ ಗೋಡೆಯತ್ತ ಮುಖ ತಿರುಗಿಸಿಕೊಳ್ಳುತ್ತಿದ್ದಳು. ಅವನ ಮುಖಕ್ಕೆ ಹಳೆಯ ದನಿಯೇ ಇರಲಿ ಎಂಬ ಆಸೆ ಅವಳದು. ಅವನು ಅದನ್ನು ಗಮನಿಸಿದ. ಬರಬರುತ್ತ ಅವನ ಮಾತೇ ಕಡಿಮೆಯಾಗಿ, "ನೀರು", "ಸಾಕು" ಎನ್ನುವಷ್ಟಕ್ಕೆ ಬಂದು ನಿಂತಿತ್ತು.

ಈಗ ಅದೂ ಇರಲಿಲ್ಲ. ಏನಾದರೂ ಬೇಕಾದರೆ ಗಂಗಯ್ಯ ಚಪ್ಪಾಳೆ ತಟ್ಟುತ್ತಿದ್ದ, ಇಲ್ಲವೇ ಕೈಸನ್ನೆ ಮಾಡುತ್ತಿದ್ದ. ಒಂದು ದಿನ ಹೊನ್ನಕ್ಕ ಮುದ್ದೆಗೆ ಹಿಟ್ಟು ತಿರುವುತ್ತಿದ್ದಾಗ ಹಿಂದಿನಿಂದ ಕರಕರ ದನಿ ಕೇಳಿಸಿತು. "ಏನಂದ್ರಿ?" ಎಂದು ಕೋಲು ಬಿಟ್ಟು ಎದ್ದು ಬಂದಳು. ಗಂಗಯ್ಯ ಜಗಲಿಯ ಮೇಲೆ ನಿದ್ದೆ ಮಾಡುತ್ತಿದ್ದ. ಎದುರು ಮನೆಯವರು ತುಕ್ಕು ಹಿಡಿದ ಗೇಟು ಎಳೆದಿದ್ದರು, ಅಷ್ಟೇ. ಅವಳು ಅಲ್ಲೇ ಬಾಗಿಲಿಗೆ ಒರಗಿ ನಿಂತುಬಿಟ್ಟಳು. ಇಷ್ಟು ದಿನ ತಾನು ಹಂಬಲಿಸುತ್ತಿದ್ದುದು ಸಾರುವೆಯ ಮೇಲಿನ ಆ ದನಿಗೆ ಎಂದುಕೊಂಡಿದ್ದಳು. ಈಗ ಎದ್ದು ಓಡಿಬಂದದ್ದು ಈ ಕರಕರಕ್ಕೆ. ಹಿಟ್ಟು ತಳ ಹತ್ತಿತು.

ಮತ್ತೆ ಹಾಸನಕ್ಕೆ ಹೋದಾಗ ಊತ ಇಳಿದಿತ್ತು. ಡಾಕ್ಟರ್ ಧನ್ಯಾ ಹೊಸ ವಾಲ್ವಿನ ಪೊಟ್ಟಣ ಬಿಚ್ಚಲು ಹೊರಟರು. ಗಂಗಯ್ಯ ಕೈ ಅಡ್ಡ ಹಿಡಿದ. ಬೇಡ ಎಂದು ತಲೆಯಾಡಿಸಿದ. ತನ್ನನ್ನೊಮ್ಮೆ, ಹೆಂಡತಿಯನ್ನೊಮ್ಮೆ ತೋರಿಸಿ, ಬೆರಳುಗಳಲ್ಲಿ ಸನ್ನೆ ಮಾಡಿ, ನಮಗೆ ಇಷ್ಟೇ ಸಾಕು ಎಂಬಂತೆ ನಕ್ಕ. ನಳಿಗೆ ತೆಗೆದರೆ ಆ ದಾರಿ ತಾನಾಗಿ ಮುಚ್ಚಿಕೊಳ್ಳುತ್ತದೆ, ಆಮೇಲೆ ಬೇಕೆಂದರೆ ಇನ್ನೊಂದು ಆಪರೇಷನ್ನೇ ಆಗಬೇಕು ಎಂದು ಡಾಕ್ಟರ್ ಎಚ್ಚರಿಸಿದರು. ಅವನು ಮತ್ತೆ ತಲೆಯಾಡಿಸಿದ.

"ವಾಲ್ವು ಆಕ್ಬುಡಿ ಡಾಕ್ಟ್ರಮ್ಮ," ಎಂದಳು ಹೊನ್ನಕ್ಕ.

"ಅವರೇ ಬೇಡ ಅಂತಿದ್ದಾರಲ್ಲಮ್ಮ?"

"ಅವ್ರಿಗೆ ಬ್ಯಾಡ್ದಿದ್ರೂ ನಂಗೆ ಬೇಕು." ಅವಳು ಗಂಡನ ಕಡೆ ತಿರುಗಿದಳು. "ಗ್ವಾಡೆ ನೋಡ್ಕಂಡ್ ಕೇಳ್ತಿದ್ದೆ, ದಿಟ. ಆದ್ರೆ ಒಂದ್ ಮಾತೂ ಬುಡ್ದಂಗೆ ಕೇಳಿವ್ನಿ."

ಗಂಗಯ್ಯ ಅವಳನ್ನೇ ನೋಡುತ್ತ ಕುಳಿತ. ಆಮೇಲೆ ತಾನಾಗಿಯೇ ಅಂಗಿಯ ಕತ್ತಿನ ಗುಂಡಿ ಬಿಚ್ಚಿದ.

ವಾಲ್ವು ಕೂರಿಸುವ ಕೆಲಸ ಬೇಗ ಮುಗಿಯಿತು. ಡಾಕ್ಟರ್ ಹೇಳಿದಂತೆ ಅವನು ಹತ್ತರವರೆಗೆ ಎಣಿಸಿದ. ಅದೇ ದನಿ, ಒಂದು ಕೂದಲೆಳೆಯಷ್ಟೂ ನಯವಾಗಿರಲಿಲ್ಲ. ದಿನಾ ಬ್ರಷ್ಷಿನಿಂದ ಶುಚಿ ಮಾಡಬೇಕು, ಮಜ್ಜಿಗೆ ಕುಡಿದರೆ ಕೆಲವರಿಗೆ ಒಳ್ಳೆಯದಾಗಿದೆ, ಆದರೂ ಲೋಳೆ ಕಟ್ಟದೆ ಬಿಡುವುದಿಲ್ಲ, ಮತ್ತೆ ಬದಲಾಯಿಸಬೇಕಾಗುತ್ತದೆ ಎಂದು ಅವರು ತಿಳಿಸಿ ಹೇಳಿದರು. ಆಗ ಬತ್ತೀವಿ ಬುಡಿ ಎಂದು ಹೊನ್ನಕ್ಕ ಕೈ ಮುಗಿದಳು.

ವಾಪಸು ಬರುವಾಗ ಬಸ್ಸು ಯಾರನ್ನೋ ಹತ್ತಿಸಿಕೊಳ್ಳಲು ನಿಂತಿತು. ರಸ್ತೆಯ ಪಕ್ಕ ಯಾರದೋ ಹೊಸ ಮನೆ ಏಳುತ್ತಿತ್ತು. ಗಂಗಯ್ಯ ಹೆಬ್ಬೆರಳನ್ನು ಕತ್ತಿಗೆ ಒತ್ತಿದ.

"ಆ ಕಂಬ ನೋಡೇ ಹೊನ್ನಿ. ವಾಲೈತೆ."

"ನೆಟ್ಟಗೇ ಐತಲ್ಲ," ಎಂದಳು ಅವಳು.

ಅದು ಹೇಗೆ ವಾಲಿದೆ, ದಾರಕ್ಕೆ ಕಟ್ಟಿದ ತೂಕದ ಗುಂಡು ಇಳಿಬಿಟ್ಟು ನೋಡದೆ ಕಂಬ ಎಬ್ಬಿಸಿದರೆ ಏನಾಗುತ್ತದೆ, ಇಂಥ ಮನೆಗೆ ಮೇಲೊಂದು ಅಂತಸ್ತು ಕಟ್ಟಿದರೆ ಗತಿಯೇನು ಎಂದು ಗಂಗಯ್ಯ ವಿವರಿಸತೊಡಗಿದ. ಮುಂದಿನ ಸೀಟಿನವರು ಹಿಂತಿರುಗಿ ನೋಡಿದರೂ ನಿಲ್ಲಿಸಲಿಲ್ಲ. ಕಂಬ ವಾಲಿದ್ದು ಹೊನ್ನಕ್ಕನಿಗೂ ಕಂಡಿತ್ತು. ಆದರೂ ಅರಕಲಗೂಡು ಬರುವವರೆಗೂ ಅವಳು ಒಪ್ಪಲಿಲ್ಲ.