ಐವತ್ತನೆಯ ಮಣಿ

ಸೊಸೆ ಬರಿಗೈಯಲ್ಲಿ ಆಸ್ಪತ್ರೆಯಿಂದ ಬಂದು ಹೊಸ್ತಿಲ ಮೇಲೆಯೇ ಕುಸಿದಾಗ ಅಜ್ಜಿಗೆ ಎಲ್ಲವೂ ತಿಳಿದುಹೋಯಿತು. ಗುಂಡ ಇನ್ನಿಲ್ಲ. ಒಂದು ವರ್ಷ ನಾಲ್ಕು ತಿಂಗಳ ಕೂಸು, ಬೆಳಿಗ್ಗೆಯಷ್ಟೇ ಅಪ್ಪನ ಹೆಗಲ ಮೇಲೆ ಹೋದದ್ದು.

"ಎದೆ ತುಂಬಾ ಕಫ ಕಟ್ಟಿತ್ತಂತೆ ಅತ್ತೆ. ನಿನ್ನೇನೇ ತಂದಿದ್ರೆ ಅಂದ್ರು ಡಾಕ್ಟ್ರು. ನಿನ್ನೆ ನಾವು ಎಣಿಸಿದ್ವಲ್ಲ? ಸರಿಯಾಗೇ ಇತ್ತಲ್ಲ?"

ಎಣಿಸಿದವಳು ಅಜ್ಜಿಯೇ. ಇಪ್ಪತ್ತು ದಾಟಿದರೆ ಅವಳಿಗೆ ಲೆಕ್ಕ ತಪ್ಪುತ್ತಿತ್ತು. ಅದಕ್ಕೇ, ಗುಂಡ ಏಳು ತಿಂಗಳವನಿದ್ದಾಗ ಅವನ ಕೆಮ್ಮು ನೋಡಲು ಬಂದಿದ್ದ ನರ್ಸಮ್ಮ ಅಜ್ಜಿಯ ಜಪಮಾಲೆಯನ್ನೇ ಎತ್ತಿಕೊಂಡು, ಐವತ್ತನೆಯ ಮಣಿಗೆ ಕೆಂಪು ದಾರ ಕಟ್ಟಿಕೊಟ್ಟಿದ್ದಳು.

"ಮಗು ಸುಮ್ಮನೆ ಮಲಗಿರುವಾಗ ನೋಡಿ ಅಜ್ಜಿ. ಹೊಟ್ಟೆ ಒಂದ್ಸಲ ಎದ್ದು ಇಳಿದ್ರೆ ಒಂದು ಮಣಿ. ಒಂದು ನಿಮಿಷದೊಳಗೆ ದಾರ ಮುಟ್ಟಿತೋ, ಎತ್ಕೊಂಡು ಓಡಿ ಬನ್ನಿ."

"ದೇವರ ಹೆಸರು ಎಣಿಸೋ ಮಣಿ ಕಣಮ್ಮ ಇದು!"

"ಎಣಿಸಿ, ಯಾರು ಬೇಡ ಅಂದ್ರು? ದೇವರೇನೂ ಓಡಿಹೋಗಲ್ಲ. ಮೊಮ್ಮಗನ ಉಸಿರು ಓಡುತ್ತೆ."

ನಿನ್ನೆ ಮಧ್ಯಾಹ್ನ ಸೊಸೆ ಗಡಿಯಾರ ಹಿಡಿದಿದ್ದಳು, ಅಜ್ಜಿ ಮಣಿ ಹಿಡಿದಿದ್ದಳು. ನಿಮಿಷ ಮುಗಿದಾಗ ದಾರಕ್ಕೆ ಇನ್ನೂ ನಾಲ್ಕು ಮಣಿ ಉಳಿದಿತ್ತು.

"ಆದ್ರೂ ಯಾಕೋ ಉಸಿರು ಬಿರುಸಾಗಿದೆ ಅನ್ಸುತ್ತೆ ಅತ್ತೆ. ಒಂದ್ಸಲ ತೋರಿಸ್ಕೊಂಡು ಬರ್ಲಾ?" ಎಂದು ಸೊಸೆ ಚೀಲವನ್ನು ಮೊಳೆಯಿಂದ ತೆಗೆದೂ ಆಗಿತ್ತು.

"ದಾರ ಮುಟ್ಟಿಲ್ಲ ಕಣೇ. ಮಾತುಮಾತಿಗೂ ಗಾಬರಿ ಬೀಳ್ತೀಯ ನೀನು."

ಚೀಲ ಮತ್ತೆ ಮೊಳೆ ಸೇರಿತ್ತು.

ಸುದ್ದಿ ಕೇಳಿ ನರ್ಸಮ್ಮ ಓಡೋಡಿ ಬಂದಳು. ಅಜ್ಜಿಯ ಕೈಯನ್ನು ತನ್ನ ಕೈಯೊಳಗೆ ಇಟ್ಟುಕೊಂಡು ಪಕ್ಕದಲ್ಲಿ ಕೂತಳು. ಆಮೇಲೆ ಅವಳ ಕಣ್ಣು ಜಪಮಾಲೆಯ ಮೇಲೆ ನಿಂತಿತು.

"ಅಜ್ಜಿ... ದಾರ ಇನ್ನೂ ಐವತ್ತರಲ್ಲೇ ಇದೆಯಲ್ಲ?"

"ನೀನೇ ಕಟ್ಟಿದ್ದಲ್ವೇನಮ್ಮ?"

"ಅದು ವರ್ಷ ತುಂಬೋವರೆಗೆ. ಆಮೇಲೆ ನಲವತ್ತಕ್ಕೆ ಸರಿಸಿ ಅಂದಿದ್ದೆ." ನರ್ಸಮ್ಮನ ದನಿ ಇಳಿಯಿತು. "ಮಕ್ಕಳು ಬೆಳೆದ ಹಾಗೆ ಉಸಿರು ನಿಧಾನ ಆಗ್ಬೇಕು ಅಜ್ಜಿ."

ಹೌದು, ಹೇಳಿದ್ದಳು. ವರ್ಷ ತುಂಬಿದಾಗ ಗುಂಡನಿಗೆ ಅಜ್ಜಿ ಹೊಸ ಅಂಗಿ ಹೊಲಿಸಿದ್ದಳು. ಕಾಲಿಗೆ ಬಿಗಿಯಾಯಿತೆಂದು ಚಪ್ಪಲಿ ಬದಲಿಸಿದ್ದಳು. ಬಾಗಿಲ ಚೌಕಟ್ಟಿನ ಮೇಲೆ ಅವನ ಎತ್ತರಕ್ಕೊಂದು ಗೆರೆಯನ್ನೂ ಎಳೆದಿದ್ದಳು. ದಾರವೊಂದೇ ಮರೆತುಹೋಗಿತ್ತು.

ಸೊಸೆ ತಲೆಯೆತ್ತಿದಳು. ಮೊಳೆಯಲ್ಲಿ ತೂಗುತ್ತಿದ್ದ ಚೀಲವನ್ನೊಮ್ಮೆ ನೋಡಿ, ಎದ್ದು ಒಳಗೆ ಹೋದಳು.

ಅಜ್ಜಿ ದಾರ ಬಿಚ್ಚಲು ನೋಡಿದಳು. ಗುಂಡ ಬಾಯಲ್ಲಿಟ್ಟು ಚೀಪಿ ಚೀಪಿ ಗಂಟು ಕಲ್ಲಿನಂತಾಗಿತ್ತು. ಎಷ್ಟು ತಡಕಾಡಿದರೂ ಉಗುರಿಗೆ ಸಿಗಲಿಲ್ಲ. ಕೊನೆಗೆ ಮಾಲೆಯನ್ನು ಹಾಗೆಯೇ ಎದೆಗೊತ್ತಿಕೊಂಡು ಕಣ್ಣು ಮುಚ್ಚಿದಳು.

"ಭಗವಂತಾ, ನನ್ನ ಕೂಸು ನಿನ್ನ ಮಡಿಲಲ್ಲಿ ನೆಮ್ಮದಿಯಾಗಿ ಮಲಗಲಿ. ಇನ್ನು ನೀನೇ ನೋಡ್ಕೋ. ನನಗೆ ಎಣಿಸೋಕೆ ಬರಲಿಲ್ಲಪ್ಪಾ."