ಎಲ್ಲರೂ ಮಿಂದ ನೀರು

"ತೊಟ್ಟಿ ನೀರೆಲ್ಲ ಬಿಟ್ಬಿಟ್ಯಾ ಮಾರಾಯಾ?" ಬಚ್ಚಲ ಬಾಗಿಲಲ್ಲಿ ನಿಂತ ಸಾಗರದ ಕನ್ನಪ್ಪನ ದನಿ ಉಡುಗಿತ್ತು.

"ನಾ ಮಿಂದ ನೀರು. ಇನ್ನೊಬ್ರಿಗೆ ಇಡಕ್ಕಾಗ್ತದಾ?" ಎಂದ ಧರ್ಮಪ್ಪ. ಮೇಳಿಗೆಯಿಂದ ಜಪಾನಿನ ವಿಶ್ವವಿದ್ಯಾಲಯಕ್ಕೆ ಓದಲು ಬಂದವನು, ಕನ್ನಪ್ಪ ಬಾಡಿಗೆಗಿದ್ದ ಮನೆಗೆ ಅಂದೇ ಸೇರಿದ್ದ. ಅದು ಅರವತ್ತಮೂರರ ಚಳಿಗಾಲ.

"ಇಲ್ಲಿ ತೊಟ್ಟಿ ಹೊರಗೇ ಮೈ ತೊಳ್ಕಂಡು ಆಮೇಲೆ ಇಳಿಯೋದು. ಅದೇ ನೀರು ಮನೆಮಂದಿಗೆಲ್ಲ. ಹೊಸಬ ಅಂತ ನಿನ್ನ ಮೊದ್ಲು ಬಿಟ್ಟಿದ್ರು. ಪರದೇಶದವ್ರಿಗೆ ಕೋಣೆ ಕೊಡೋರೇ ಇಲ್ಲ. ಈ ಅಜ್ಜಿ ಬೇಡ ಅಂದ್ರೆ ಗಂಟುಮೂಟೆ ಕಟ್ಟು."

ಮನೆಯೊಡತಿ ಅಜ್ಜಿ ಬೇಡವೆನ್ನಲಿಲ್ಲ, ಬೈಯಲೂ ಇಲ್ಲ. ಧರ್ಮಪ್ಪ ನೀರು ಹೊತ್ತು ತೊಟ್ಟಿ ತುಂಬಿಸಿದ. ಧರ್ಮಪ್ಪ ನೀರು ಹೊತ್ತು ತೊಟ್ಟಿ ತುಂಬಿಸಿದ. ನೀರು ಕಾದ ಮೇಲೆ ಅವಳು, ಮೊದಲು ನೀನೇ ಇಳಿ ಎಂಬಂತೆ, ಮತ್ತೆ ಅವನಿಗೇ ಕೈ ತೋರಿದಳು. ಅವನು ತಲೆಬಾಗಿ ಒಲ್ಲೆನೆಂದು ಒಲೆಯ ಮುಂದೆ ಕೂತ. ಅಜ್ಜಿ ಮಿಂದಳು, ಮಗ ಸೊಸೆ ಮಿಂದರು, ಕನ್ನಪ್ಪನೂ ಮಿಂದು ಬಂದು, "ಊರಲ್ಲಿ ಹೇಳ್ಬೇಡ ಮತ್ತೆ" ಎಂದು ನಕ್ಕ.

ಧರ್ಮಪ್ಪ ಮೈ ತೊಳೆದುಕೊಂಡ. ಎಲ್ಲರೂ ಕೂತೆದ್ದ ನೀರಿಗೆ ಒಂದು ಕಾಲಿಟ್ಟು ಹಿಂದಕ್ಕೆಳೆದುಕೊಂಡ. ಆಮೇಲೆ ಕಣ್ಣು ಮುಚ್ಚಿ ಕುತ್ತಿಗೆವರೆಗೂ ಇಳಿದ. ನೀರು ಆಗಲೇ ಆರುತ್ತಿತ್ತು. ಗೋಡೆಯಾಚೆ ಒಲೆಗೆ ಇನ್ನೊಂದು ಕೊಳ್ಳಿ ನೂಕಿದ ಸದ್ದಾಯಿತು. ಬಿಸಿ ಸಾಕೇ ಎಂದು ಅಜ್ಜಿ ತನ್ನ ಭಾಷೆಯಲ್ಲಿ ಮೆಲ್ಲಗೆ ಕೇಳಿದಳು.